ಮಲ್ಲೇಶ್ವರದ ಪಾತಾಳಗಂಗೆ

ಮೆಕ್ಸಿಕೋ ದೇಶದ ಯುಕಟಾನಿನಲ್ಲಿ ನೆಲ ಕುಸಿದು ತೆರೆದುಕೊಂಡ ಸೆನೋಟೆ ಎಂಬ ನೀರುಗುಹೆಗಳಿವೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡ ಸಾಹಸಿಗಳು ಗುಂಪುಗುಂಪಾಗಿ ಅವುಗಳಲ್ಲಿ ಮುಳುಗುತ್ತಾರೆ. ನಮ್ಮ ಗೆಳೆಯರ ಗುಂಪಿಗೆ ಅಷ್ಟು ಎದೆಗಾರಿಕೆಯೂ ಇಲ್ಲ, ಹಣವೂ ಇಲ್ಲ. ನೆಲದಡಿಯ ನೀರನ್ನು ಕಾಣಲು ನಾವು ಬರಿಗಾಲಿನಲ್ಲಿ ಮೆಟ್ಟಿಲಿಳಿದದ್ದು ಮಲ್ಲೇಶ್ವರದ ನಂದಿತೀರ್ಥಕ್ಕೆ.

ಎದುರಿನ ಕಾಡು ಮಲ್ಲೇಶ್ವರನಿಗೆ ಶಿವಾಜಿಯ ಮಲತಮ್ಮ ಏಕೋಜಿ ದತ್ತಿಯಿತ್ತ ಶಾಸನ 1669ರದು. ನಂದಿತೀರ್ಥವಾದರೋ ಮಣ್ಣಿನಡಿ ಹುದುಗಿ ಊರಿನ ನೆನಪಿನಿಂದಲೇ ಅಳಿದಿತ್ತು. ಆ ನೆಲದ ಮೇಲೆ ಕಟ್ಟಡವೇಳುವ ಮಾತು ಹುಟ್ಟಿದಾಗ ನೆರೆಯವರು ತಡೆದರೆಂದೂ, 1997ರಲ್ಲಿ ಅಗೆದಾಗ ಗುಡಿ ಕಂಡಿತೆಂದೂ ಹೇಳುತ್ತಾರೆ. ಹೂಳು ತೆಗೆದರೆ ಸುತ್ತ ಕಂಬಸಾಲು, ನಡುವೆ ಕಲ್ಯಾಣಿ, ದಕ್ಷಿಣಕ್ಕೆ ಮುಖಮಾಡಿದ ನಂದಿ! ಅದರ ಬಾಯಿಂದಿಳಿವ ನೀರು ಕೆಳಗಿನ ಲಿಂಗವನ್ನು ತೋಯಿಸಿ ಕಲ್ಯಾಣಿಯನ್ನು ಸೇರುತ್ತದೆ.

ನೀರಿನ ಮೂಲ ದೇವರಹಸ್ಯವೆಂದು ಜತೆಯವರೊಬ್ಬರು ಕೈಮುಗಿದರು. ಮುಗಿಯಲಿ, ತಪ್ಪಿಲ್ಲ. ನನ್ನ ಚಿಂತೆ ಬೇರೆ. ಊಟೆ ಎಲ್ಲಿಯದೇ ಆಗಿರಲಿ, ಅದನ್ನು ಪೊರೆಯುವುದು ನೆಲಕ್ಕಿಂಗಿದ ಮಳೆಯೇ ತಾನೆ? ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿ, ಕೊಳವೆಬಾವಿಗಳನ್ನು ಪಾತಾಳಕ್ಕೆ ಕೊರೆಯುತ್ತಿದ್ದರೆ ಈ ಒಸರು ಎಷ್ಟು ಕಾಲ ಬಂದೀತು?

ಹಿತ್ತಲ ಬಾವಿ ಮುಚ್ಚಿ ಮಹಡಿಯೆಬ್ಬಿಸಿದವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದರು. ತೀರ್ಥಕ್ಕೆ ಮೊದಲು ಕೈಯೊಡ್ಡಿದವರೂ ಅವರೇ.