ರೀಮ್ಯಾಪ್‌ಗೂ ಮೊದಲು ಒಂದು ಸಾವಿರ ಕಿಲೋಮೀಟರ್

ಹರಿಹರದ ಹಳೇ ಪಿ.ಬಿ. ರಸ್ತೆಗೆ ತಾಗಿದ ಓಣಿಯೊಂದರಲ್ಲಿ ಎಂಜಿನ್ ಬೋರ್ ಕೆಲಸದ ವರ್ಕ್‌ಷಾಪ್ ಇದೆ. ಅಲ್ಲಿಗೆ ಬರುವುದೆಲ್ಲ ಟ್ರ್ಯಾಕ್ಟರು, ಟಿಲ್ಲರು, ಲಾರಿಗಳ ಬ್ಲಾಕುಗಳು. ಅಂಥ ಕಡೆ ನಂಬರ್ ಪ್ಲೇಟಿನ ಹೊಳಪೂ ಮಾಸದ ಹ್ಯುಂಡೈ ಐ20 ಎನ್ ಲೈನ್ ಬಂದು ನಿಂತರೆ ಕೆಲಸದವರೆಲ್ಲ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೇ ಬರುತ್ತಾರೆ. ಗಾಡಿ ನನ್ನದಲ್ಲ, ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗನದು. ಕೆಎ-17 ಬರೆಸಿ ವಾರ ಕಳೆಯುವ ಮೊದಲೇ ಅವನಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಪವರ್ ಏರಿಸುವುದು), ಸೈಲೆನ್ಸರ್, ಸ್ಪ್ರಿಂಗ್ ಎಂದು ಪಟ್ಟಿ ಸಿದ್ಧವಾಗಿತ್ತು. ನನಗೆ ಆ ವರ್ಕ್‌ಷಾಪಿನಲ್ಲಿರುವ ಹಳೆಯ ಕಿರ್ಲೋಸ್ಕರ್ ಲೇತ್ ನೋಡಬೇಕಿತ್ತು. "ಬಾರೋ, ಎಂಜಿನ್ ಬಿಚ್ಚಿ ಕಟ್ಟೋರನ್ನೇ ಒಂದು ಮಾತು ಕೇಳೋಣ" ಎಂದು ಅವನನ್ನೂ ಎಳೆದುಕೊಂಡು ಹೋದೆ.

ಮೇಸ್ತ್ರಿ ಅವನ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು. ಉತ್ತರ ಕೊಡಲಿಲ್ಲ. ಆಗಷ್ಟೇ ಹೋನಿಂಗ್ ಮುಗಿಸಿದ್ದ ಬ್ಲಾಕೊಂದರ ಬಳಿ ಕರೆದೊಯ್ದು ಸಿಲಿಂಡರಿನೊಳಕ್ಕೆ ಟಾರ್ಚ್ ಹಿಡಿದರು. ಒಳಗೋಡೆಯ ಮೇಲೆ ಎಡಕ್ಕೂ ಬಲಕ್ಕೂ ವಾಲಿದ ಸಣ್ಣ ಗೀರುಗಳು ಒಂದನ್ನೊಂದು ಹಾದುಹೋಗಿ ಬುಡದಿಂದ ತುದಿಯವರೆಗೆ ಬಲೆ ಹೆಣೆದಿದ್ದವು.

"ಮಾಮ, ಇದು ಗೀಚಿಹೋಗಿದೆಯಲ್ಲ?" ಎಂದ ಹುಡುಗ.

"ಹೋಗಿಲ್ಲ ತಮ್ಮಾ, ಬೇಕಂತಲೇ ಗೀಚೀವಿ. ಈ ಗೀರು ಇಲ್ದಿದ್ರೆ ಗಾಡಿ ಆಯಿಲ್ ಕುಡಿತೈತಿ. ನಿನ್ನ ಹೊಸ ಇಂಜಿನ್ನಾಗೂ ಇದೇ ಐತಿ. ಇದು ಕೂರೋ ತನಕ ಬ್ಯಾರೆ ಮಾತು ಬ್ಯಾಡ."

ಎಂಜಿನ್ ಪಳಗಿಸುವುದರ ಬಗ್ಗೆ ನಾನು ಓದಿದ್ದೆಲ್ಲ ಆ ಟಾರ್ಚ್ ಬೆಳಕಿನಲ್ಲಿ ಕಣ್ಣಿಗೆ ಬಿತ್ತು. ಹೋನಿಂಗ್ ಯಂತ್ರದ ತಲೆಗೆ ಸಾಣೆಕಲ್ಲಿನ ಉದ್ದ ತುಂಡುಗಳನ್ನು ಕೂರಿಸಿರುತ್ತಾರೆ. ಅದು ತಿರುಗುತ್ತಲೇ ಮೇಲೆ ಕೆಳಗೆ ಆಡುತ್ತದೆ. ತಿರುಗುವ ವೇಗಕ್ಕೂ ಆಡುವ ವೇಗಕ್ಕೂ ಇರುವ ಅನುಪಾತ ಗೀರಿನ ಕೋನವನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದು 45 ಡಿಗ್ರಿಯ ಆಸುಪಾಸು. ಕೋನ ತೀರಾ ಕಡಿದಾದರೆ ಆಯಿಲ್ ಸರ್ರನೆ ಕೆಳಗಿಳಿದು ಗೋಡೆ ಒಣಗುತ್ತದೆ. ತೀರಾ ಅಡ್ಡವಾದರೆ ಆಯಿಲ್ ಹೆಚ್ಚು ನಿಂತು, ರಿಂಗ್ ಗೋಡೆ ಬಿಟ್ಟು ತೇಲಿ, ಆ ಆಯಿಲ್ ಸುಟ್ಟುಹೋಗುತ್ತದೆ. ಕಾರ್ಖಾನೆಗಳಲ್ಲಿ ಇದರ ಮೇಲೆ ಇನ್ನೊಂದು ಹಂತವಿದೆ, ಪ್ಲೇಟೊ ಹೋನಿಂಗ್. ಒರಟು ಕಲ್ಲಿನಲ್ಲಿ ಗೀರು ಎಳೆದ ಮೇಲೆ ನಯವಾದ ಕಲ್ಲಿನಿಂದ ಚೂಪು ತುದಿಗಳನ್ನು ಮಾತ್ರ ತೆಗೆಯುತ್ತಾರೆ, ಆಯಿಲ್ ನಿಲ್ಲುವ ತಗ್ಗುಗಳನ್ನು ಉಳಿಸುತ್ತಾರೆ. ಈ ಏರುತಗ್ಗುಗಳ ಅಳತೆ ಮೈಕ್ರಾನ್‌ಗಳಲ್ಲಿ. ಇಷ್ಟಾದರೂ ಅಲ್ಲಿ ಇಲ್ಲಿ ಉಳಿದ ಚೂಪನ್ನು ಕಾರ್ಖಾನೆ ಪೂರ್ತಿ ತೆಗೆಯುವುದಿಲ್ಲ. ಆ ಕೊನೆಯ ಉಜ್ಜುವಿಕೆ ಪಿಸ್ಟನ್ ರಿಂಗಿನ ಕೆಲಸ. ಅದನ್ನು ಮಾಡಿಸುವವನು ಗಾಡಿ ಕೊಂಡವನು.

ರಿಂಗಿಗೆ ತನ್ನದೇ ಬಿಗಿತ ಇರುವುದು ಸ್ವಲ್ಪ. ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಆ ಒತ್ತಡ ಹೆಚ್ಚು. ಹೊಸ ಗಾಡಿಯನ್ನು ತೀರಾ ಮೆತ್ತಗೆ, ಮೊಟ್ಟೆ ಇಟ್ಟುಕೊಂಡಂತೆ ಓಡಿಸಿದರೆ ರಿಂಗ್ ಗೋಡೆಗೆ ಕೂರುವುದೇ ಇಲ್ಲ. ಆಯಿಲ್ ಗೋಡೆಯ ಮೇಲೇ ಬೆಂದು ಗೀರುಗಳನ್ನು ಮುಚ್ಚುತ್ತದೆ. ಷೋರೂಮಿನಿಂದ ಇಳಿದ ಕೂಡಲೇ ಕೆಂಪು ಗೆರೆಯವರೆಗೆ ಹಿಗ್ಗಾಮುಗ್ಗಾ ಎಳೆದರೆ ಇನ್ನೊಂದು ತೊಂದರೆ: ಒರಟು ತುದಿಗಳ ಮೇಲೆ ಶಾಖ ಏರಿ ಲೋಹ ಕಿತ್ತುಬರುತ್ತದೆ. "ಮೆತ್ತಗೆ ಓಡಿಸಿ" ಎನ್ನುವವರಿಗೂ "ಮೊದಲ ದಿನವೇ ಬಿಗಿದು ಓಡಿಸಿ" ಎನ್ನುವವರಿಗೂ ಜಗಳ ತೀರದಿರುವುದು ಇದಕ್ಕೇ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ನನಗೆ ಕಂಪನಿಯ ಕೈಪಿಡಿಯೇ ಸರಿ ಅನಿಸುತ್ತದೆ. ಮೊದಲ 1,000 ಕಿಲೋಮೀಟರ್ ಎಂಜಿನ್ ರೇಸ್ ಮಾಡಬೇಡಿ, 2,000ದಿಂದ 4,000 ಆರ್‌ಪಿಎಂ ನಡುವೆ ಇಡಿ, ಬಹಳ ಹೊತ್ತು ಒಂದೇ ವೇಗದಲ್ಲಿ ಹೋಗಬೇಡಿ ಎನ್ನುತ್ತದೆ ಹ್ಯುಂಡೈ. ಮೂರರಲ್ಲಿ ಮುಖ್ಯವಾದದ್ದೂ ಜನ ಮರೆಯುವುದೂ ಕೊನೆಯದು. ಉಳಿದೆರಡಕ್ಕೂ ಒಂದು ಲೆಕ್ಕ ಹಾಕಿ ನೋಡಿ. ಸರಾಸರಿ ವೇಗ 40 ಕಿ.ಮೀ., ಸರಾಸರಿ 2,500 ಆರ್‌ಪಿಎಂ ಎಂದುಕೊಂಡರೆ 1,000 ಕಿ.ಮೀ.ಗೆ 25 ಗಂಟೆ. ಅಷ್ಟರಲ್ಲಿ ಕ್ರ್ಯಾಂಕ್ 37.5 ಲಕ್ಷ ಸುತ್ತು ಹಾಕುತ್ತದೆ, ಒಂದೊಂದು ಪಿಸ್ಟನ್ 75 ಲಕ್ಷ ಬಾರಿ ಗೋಡೆ ಸವರುತ್ತದೆ. ಎನ್ ಲೈನಿನ 998 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಸಾಗುವ ಉದ್ದ 84 ಮಿಲಿಮೀಟರ್. 4,000 ಆರ್‌ಪಿಎಂನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 11.2 ಮೀಟರ್, 6,000ದಲ್ಲಿ 16.8. ಕೈಪಿಡಿ 4,000ಕ್ಕೆ ಗೆರೆ ಎಳೆದದ್ದು ಸುಮ್ಮನೆ ಅಲ್ಲ.

ಮೇಸ್ತ್ರಿಗೆ ಈ ಲೆಕ್ಕ ಯಾವುದೂ ಬೇಕಿರಲಿಲ್ಲ. "ಹೊಸ ಹೋರಿ ನೊಗಕ್ಕೆ ಹೂಡಿದ ದಿನವೇ ಗಾಡಿ ತುಂಬ ಮೆಕ್ಕೆಜೋಳ ಹೇರ್ತಾರೇನು ತಮ್ಮಾ? ಹಂಗಂತ ಕೊಟ್ಟಿಗ್ಯಾಗ ಕಟ್ಟಿ ಹಾಕಿದ್ರೂ ಕಲಿಯಂಗಿಲ್ಲ" ಎಂದರು.

ನಾನು ನೋಡಬೇಕೆಂದು ಹೋದ ಲೇತ್ ಮೂಲೆಯಲ್ಲಿ ಇನ್ನೂ ತಿರುಗುತ್ತಿತ್ತು. ಮೈಮೇಲಿನ ಬಣ್ಣ ಎಷ್ಟು ಬಾರಿಯದೋ, ತಲೆಯ ಮೇಲೆ ಎರಕದ ಅಕ್ಷರಗಳು ಮಾತ್ರ ಸ್ಪಷ್ಟ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ವಯಸ್ಸಿನಲ್ಲಿ ಬೆಂಗಳೂರಿನ ಎಚ್‌ಎಂಟಿಗಿಂತ 12 ವರ್ಷ ಹಿರಿಯದು. ಆಗ ತುಂಗಭದ್ರೆಯ ಆಚೆ ಬೊಂಬಾಯಿ ಪ್ರಾಂತ, ಈಚೆ ಮೈಸೂರು ಸಂಸ್ಥಾನ. ಗಡಿಯ ಆ ಕೊನೆಯ ಊರಿನಲ್ಲಿ ಯಂತ್ರ ಮಾಡುವ ಯಂತ್ರಗಳು ತಯಾರಾಗುತ್ತಿದ್ದವು. ಕಾರ್ಖಾನೆಯ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಲೇತ್‌ಗಳು ದೇಶದ ಐಟಿಐಗಳಿಗೂ ವರ್ಕ್‌ಷಾಪುಗಳಿಗೂ ಹೋದವು. ದಾವಣಗೆರೆ ಹತ್ತಿ ಗಿರಣಿಗಳ ಸದ್ದಿನಲ್ಲಿದ್ದಾಗ ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರ ಕಬ್ಬಿಣ ಕಡೆಯುತ್ತಿತ್ತು. ಕಾರ್ಖಾನೆ ಈಗಿಲ್ಲ. ಕೈಕೆಲಸ ಬಲ್ಲವರು ಇಂಥ ಓಣಿಗಳಲ್ಲಿ ಉಳಿದಿದ್ದಾರೆ. ಲ್ಯಾಪ್‌ಟಾಪ್ ಹಿಡಿದು ಅರ್ಧ ಗಂಟೆಯಲ್ಲಿ ಪವರ್ ಏರಿಸುತ್ತೇನೆ ಎನ್ನುವವನಿಗಿಂತ ಲೇತ್ ಮುಂದೆ ನಿಂತವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಇದು ಪಕ್ಷಪಾತವಾದರೆ ಆಗಲಿ.

ಪಳಗಿಸಲು ದಾರಿ ಯಾವುದು? ಬೆಂಗಳೂರು ಕಡೆಯ ಹೆದ್ದಾರಿ 48 ಅಲ್ಲ. ಚಿತ್ರದುರ್ಗ ದಾಟುವವರೆಗೂ ಮೀಟರ್ ಮುಳ್ಳು ನೂರರಲ್ಲೇ ನಿಂತಿರುತ್ತದೆ. ಹರಿಹರದಿಂದ ಮಲೇಬೆನ್ನೂರು, ಹೊನ್ನಾಳಿ ಕಡೆಯ ರಸ್ತೆ, ಇಲ್ಲವೇ ಸಂತೇಬೆನ್ನೂರು ಮೇಲೆ ಚನ್ನಗಿರಿಗೆ ಹೋಗುವ ರಸ್ತೆ ಒಳ್ಳೆಯದು. ಊರು, ಉಬ್ಬು, ತಿರುವು, ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರು, ಆಮೇಲೆ ಖಾಲಿ ರಸ್ತೆ. ಕಾಲು ತಾನಾಗಿಯೇ ಒತ್ತುತ್ತದೆ, ಬಿಡುತ್ತದೆ. ಆರ್‌ಪಿಎಂ ತಾಪತ್ರಯವಿಲ್ಲದೆ ಏರಿಳಿಯುತ್ತದೆ. ಎಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 2,000ದಿಂದ 4,000ದವರೆಗೆ ತುಸು ಗಟ್ಟಿಯಾಗಿ ಎಳೆಸಿ, ಬ್ರೇಕ್ ಹಿಡಿಯದೆ ಕಾಲು ತೆಗೆದು ಗಾಡಿಯನ್ನು ತಾನೇ ನಿಧಾನವಾಗಲು ಬಿಡುವುದು ಒಳ್ಳೆಯ ಅಭ್ಯಾಸ. ಸುಗ್ಗಿಯಲ್ಲಿ ಮಾತ್ರ ಎಚ್ಚರ. ರಸ್ತೆ ಮೇಲೆ ಒಣಗಲು ಹರಡಿದ ಮೆಕ್ಕೆಜೋಳದ ಮೇಲೆ ಹೊಸ ಟೈರು ಜಾರುತ್ತದೆ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಹೊಸ ಟೈರಿನ ಮೈಮೇಲೆ ಉಳಿದಿರಬಹುದು. ಅದು ಸವೆಯುವವರೆಗೆ ಹಿಡಿತ ಕಡಿಮೆ. ಬ್ರೇಕ್ ಪ್ಯಾಡೂ ಡಿಸ್ಕಿಗೆ ಹೊಂದಿಕೊಳ್ಳಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಅನಿವಾರ್ಯವಲ್ಲದೆ ಗಕ್ಕನೆ ಬ್ರೇಕ್ ಹಾಕಬಾರದು.

ಇನ್ನು ಟರ್ಬೊ. ಅದರ ಚಕ್ರ ನಿಮಿಷಕ್ಕೆ ಲಕ್ಷ ಮೀರಿ ಸುತ್ತುತ್ತದೆ, ಬೇರಿಂಗಿಗೆ ಆಸರೆ ತೆಳುವಾದ ಆಯಿಲ್ ಪದರ. ಹೆದ್ದಾರಿಯಲ್ಲಿ ಬಿಗಿಯಾಗಿ ಓಡಿಸಿ ಬಂದು ಹೋಟೆಲ್ ಮುಂದೆ ತಕ್ಷಣ ಆಫ್ ಮಾಡಿದರೆ ನಿಂತ ಆಯಿಲ್ ಅಲ್ಲೇ ಬೆಂದು ಕರಕಾಗುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬನ್ನಿ, ಇಲ್ಲವೇ ಒಂದು ನಿಮಿಷ ಐಡಲ್ ಬಿಡಿ. ದೊಡ್ಡ ಗೇರಿನಲ್ಲಿ 1,500ಕ್ಕೂ ಕೆಳಗೆ ಇಳಿಸಿ ಒಮ್ಮೆಲೇ ಆಕ್ಸಿಲರೇಟರ್ ತುಳಿಯುವ ಚಟ ಇನ್ನೂ ಕೆಟ್ಟದ್ದು. ಪುಟ್ಟ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಆಗ ಸ್ಪಾರ್ಕಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನೇ ಒಡೆಯಬಹುದು. ಇದನ್ನು ತಡೆಯಲೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಯ ಆಯಿಲ್‌ಗಳು ಬಂದವು. ಡಬ್ಬದ ಮೇಲೆ ಆ ಅಕ್ಷರ ನೋಡಿ ಕೊಳ್ಳಿ. ಅಂಗಡಿಯವನ "ಇದೂ ಒಂದೇ ಸರ್" ನಂಬಬೇಡಿ.

ಎಂ.ಸಿ.ಸಿ. ಬಡಾವಣೆಯಿಂದ ಮಂಡಿಪೇಟೆಗೆ ಹೋಗಿ ಬರುವುದಷ್ಟೇ ಗಾಡಿಯ ಕೆಲಸವಾದರೆ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಪೆಟ್ರೋಲೂ ತೇವವೂ ಅದರೊಳಗೆ ಸೇರುತ್ತವೆ. ವಾರಕ್ಕೊಮ್ಮೆಯಾದರೂ ಊರಾಚೆ ಓಡಿಸಿ. ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ: ಮಟ್ಟ ಇಳಿದರೆ ರಿಂಗಿನ ಸುದ್ದಿ, ಏರಿದರೆ ಪೆಟ್ರೋಲ್ ಬೆರೆತ ಸುದ್ದಿ. ಮೆಕ್ಕೆಜೋಳ ಒಕ್ಕುವ ತಿಂಗಳುಗಳಲ್ಲಿ ಏರ್ ಫಿಲ್ಟರ್ ಸರ್ವಿಸ್ ದಿನಾಂಕಕ್ಕೆ ಕಾಯುವುದಿಲ್ಲ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿದ್ದಾಗ ಹಿಡಿಸಿ. ಹತ್ತು ಡಿಗ್ರಿ ಬಿಸಿ ಏರಿದರೆ ಒತ್ತಡ ಒಂದೂವರೆ ಪಿಎಸ್‌ಐನಷ್ಟು ಏರುತ್ತದೆ, ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಅಳೆದದ್ದು ಸುಳ್ಳು ಲೆಕ್ಕ.

ಇಷ್ಟು ಆರೈಕೆ ಏಕೆಂದರೆ ಇಂಥ ಚುರುಕಿನ ಪುಟ್ಟ ಗಾಡಿಗಳು ನಮ್ಮ ಮಾರುಕಟ್ಟೆಯಲ್ಲಿ ಬಹಳ ದಿನ ಬಾಳುವುದಿಲ್ಲ. 2001ರ ಫಿಯೆಟ್ ಪಾಲಿಯೊ 1.6, ಸುಮಾರು 100 ಅಶ್ವಶಕ್ತಿ. ಅದರ ಸ್ಟೀರಿಂಗಿನ ಭಾರ ಈಗಿನ ಯಾವ ಗಾಡಿಯಲ್ಲೂ ಇಲ್ಲ ಎಂದು ನಾನು ವಾದ ಮಾಡಬಲ್ಲೆ. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಕೊಯಮತ್ತೂರಿನ ಜಯೆಮ್ ಜೊತೆ ಟಾಟಾ ಮಾಡಿದ ಟಿಯಾಗೊ ಜೆಟಿಪಿ. ಎಲ್ಲವೂ ಬಂದವು, ಹೋದವು. 2021ರ ಎನ್ ಲೈನ್ 120 ಅಶ್ವಶಕ್ತಿಯದು, 2024ರ ಆಲ್ಟ್ರೋಜ್ ರೇಸರ್‌ನದ್ದೂ ಅಷ್ಟೇ. ನಾಲ್ಕು ಮೀಟರಿನೊಳಗೆ, 1,200 ಸಿಸಿಯೊಳಗೆ ಇದ್ದರೆ ಪೆಟ್ರೋಲ್ ಗಾಡಿಗೆ ತೆರಿಗೆ ಕಡಿಮೆ, 1.4 ಲೀಟರಿನ ಅಬಾರ್ತ್‌ಗೆ ಆ ಅನುಕೂಲ ಸಿಗಲಿಲ್ಲ. ಪುಟ್ಟ ಎಂಜಿನ್, ಮೇಲೊಂದು ಟರ್ಬೊ ಎಂಬ ಸೂತ್ರ ನಮ್ಮಲ್ಲಿ ಬೇರೂರಿದ್ದರಲ್ಲಿ ಈ ತೆರಿಗೆಯ ಪಾಲು ದೊಡ್ಡದು. ಅಂದರೆ ಎನ್ ಲೈನಿನಲ್ಲಿ ಲೀಟರಿಗೆ 120 ಅಶ್ವಶಕ್ತಿಯನ್ನು ಕಂಪನಿಯೇ ಹಿಂಡಿ ಕೊಟ್ಟಿದೆ. ರೀಮ್ಯಾಪ್ ಮಾಡುವವನು ಹಿಂಡುವುದು ಉಳಿದ ತೊಟ್ಟನ್ನು, ಕ್ಲಚ್ಚಿನ ಮತ್ತು ರಿಂಗಿನ ಆಯುಸ್ಸಿನ ಲೆಕ್ಕಕ್ಕೆ.

ಕಾನೂನೂ ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕರ್ಕಶ ಸೈಲೆನ್ಸರುಗಳನ್ನು ಪೊಲೀಸರು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ ಫೋಟೊಗಳನ್ನು ರಾಜ್ಯದ ಹಲವು ಊರುಗಳಿಂದ ನೋಡಿದ್ದೀರಿ. ವಾರಂಟಿ, ವಿಮೆ ಎರಡಕ್ಕೂ ಕುತ್ತು ಬರುವುದು ಬೇರೆ.

ಹುಡುಗರಿಗೆ ನಾನು ಹೇಳುವುದು ಇಷ್ಟೇ. ಒಂದು ವರ್ಷ ಗಾಡಿಯನ್ನು ಕಂಪನಿ ಕೊಟ್ಟಂತೆಯೇ ಓಡಿಸಿ. ಮೈಲೇಜ್, ಆಯಿಲ್ ಮಟ್ಟ, ಟೈರ್ ಒತ್ತಡಗಳನ್ನು ಪುಸ್ತಕದಲ್ಲಿ ಬರೆದಿಡಿ. ಗಾಡಿಯ ಮೂಲ ಗುಣ ಗೊತ್ತಿಲ್ಲದವನಿಗೆ ಬದಲಾವಣೆಯಿಂದ ಲಾಭವಾಯಿತೋ ನಷ್ಟವಾಯಿತೋ ತಿಳಿಯುವುದು ಹೇಗೆ? ಆಮೇಲೂ ಕೈ ತುರಿಸಿದರೆ ಮೊದಲ ದುಡ್ಡು ಕಂಪನಿ ಹೇಳಿದ ಅಳತೆಯ ಒಳ್ಳೆಯ ಟೈರಿಗೆ, ಎರಡನೆಯದು ಬ್ರೇಕ್ ಪ್ಯಾಡಿಗೆ, ಮೂರನೆಯದು ವೀಲ್ ಅಲೈನ್‌ಮೆಂಟಿಗೆ. ಸೈಲೆನ್ಸರಿನ ದುಡ್ಡು ಬ್ಯಾಂಕಿನಲ್ಲೇ ಇರಲಿ.