ಒಗೆಯುವ ಕಲ್ಲಿನ ಸಾಕ್ಷ್ಯ

ಬಟ್ಟೆ ಒಗೆಯುವ ಕಲ್ಲನ್ನು ನೀವು ಎಂದಾದರೂ ಮಗುಚಿ ನೋಡಿದ್ದೀರಾ? ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಅದರಡಿ ಹಳಗನ್ನಡದ ಅಕ್ಷರಗಳು ಕಂಡರೆ ಅಚ್ಚರಿಯೇನಿಲ್ಲ.

ಶಾಸನವೆಂದರೆ ರಾಜರ ಹೊಗಳಿಕೆ ಎಂದೇ ನಾವು ತಿಳಿದಿದ್ದೇವೆ. ಆದರೆ ಕೆರೆ ಕಟ್ಟಿಸಿದವರು ಯಾರು, ಯಾವ ಸರಕಿಗೆ ಎಷ್ಟು ಸುಂಕ, ಗಾಣದಿಂದ ಎಷ್ಟು ಎಣ್ಣೆ ದಾನ, ಹೊಲದ ಎಲ್ಲೆ ಎಲ್ಲಿ ಎಂಬುದೂ ಶಾಸನಗಳಲ್ಲಿದೆ. ಹೆಂಗಸರ ಕೊಡುಗೆಯೂ ಇದೆ. ಬೇಲೂರಿನ ಕಪ್ಪೆ ಚೆನ್ನಿಗರಾಯ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ.

ಅರಸೀಕೆರೆ ಎಂದರೆ ಅರಸಿಯ ಕೆರೆ. ಅಲ್ಲಿ 1220ರಲ್ಲಿ ದಂಡನಾಯಕ ರೇಚರಸ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಹೆಚ್ಚುಕಡಿಮೆ ಅದೇ ಕಾಲದ ಈಶ್ವರ ದೇವಾಲಯವೂ ಅದೇ ಊರಿನಲ್ಲಿದೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಇಂದಿನ ಹಳೇಬೀಡಿನಲ್ಲೂ ಶಿವಾಲಯದ ಸಮೀಪವೇ ಜೈನ ಬಸದಿಗಳಿವೆ. ಯಾರ ನೆರೆಯಲ್ಲಿ ಯಾರು ಬಾಳಿದರು ಎಂಬುದು ನಮಗೆ ಹೀಗೆ ತಿಳಿಯುತ್ತದೆ.

ಕಹಿ ನೆನಪೂ ಇದೆ. ಕಲಬುರಗಿಯಿಂದ ಬಂದ ತುರುಕ ಸೇನಾನಿಯೊಬ್ಬ ಬೇಲೂರು ದೇವಾಲಯದ ಹೆಬ್ಬಾಗಿಲನ್ನು ಸುಟ್ಟನೆಂದೂ ವಿಜಯನಗರದ ದಂಡನಾಯಕ ಗುಂಡ ಅದನ್ನು ಮತ್ತೆ ಕಟ್ಟಿಸಿದನೆಂದೂ 1397ರ ಶಾಸನ ಹೇಳುತ್ತದೆ. ಇದನ್ನು ನಮ್ಮ ಮಕ್ಕಳಿಂದ ಮುಚ್ಚಿಡಬೇಕೇ? ಬೇಡ. ಸಾಕ್ಷ್ಯ ಬಚ್ಚಿಡಬಾರದೆಂದು ಕಲಿತವರು ನಾವು. ಆದರೆ ಒಬ್ಬನ ಕೃತ್ಯವನ್ನು ಒಂದು ಸಮುದಾಯದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕಲ್ಲು ಹೇಳಿದಷ್ಟನ್ನೇ ಓದಲು ಕಲಿತ ಮಗು ಗಾಳಿಮಾತಿಗೆ ಬಲಿಯಾಗದು.

ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೇ ಸಂಪುಟವಾಗಿ ಪ್ರಕಟಿಸಿದರು. ದೊಡ್ಡ ಗ್ರಂಥಾಲಯಗಳಲ್ಲಷ್ಟೇ ಸಿಗುತ್ತಿದ್ದ ಆ ಪುಟಗಳು ಇಂದು ಅಂತರ್ಜಾಲದಲ್ಲಿ ಉಚಿತ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತ ಬಂದಿದೆ. ಯಂತ್ರವು ಕಲ್ಲಿನ ಪ್ರತಿಯೊಂದು ಉಬ್ಬುತಗ್ಗನ್ನೂ ಅಳೆಯುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಪರದೆಯಲ್ಲಿ ಮೂಡಬಲ್ಲದು. ಸಾವಿರಾರು ಶಾಸನಗಳ ಪಠ್ಯ ಒಂದೆಡೆ ಸೇರಿದರೆ, 'ಸಂತೆ' ಎಂದು ಹುಡುಕಿ ಯಾವ ಊರು ಯಾವಾಗ ಪೇಟೆಯಾಯಿತೆಂದು ಪತ್ತೆ ಹಚ್ಚಬಹುದು.

ಆದರೆ ಕಲ್ಲೇ ಒಡೆದುಹೋದರೆ ಯಂತ್ರ ತಾನೇ ಏನು ಮಾಡೀತು? ಮನೆ ಕಟ್ಟಿಸುವಾಗ ಬರಹವಿರುವ ಕಲ್ಲು ಸಿಕ್ಕರೆ ಅಡಿಪಾಯಕ್ಕೆ ಹಾಕಿಸಬೇಡಿ. ಅದಕ್ಕೆ ಬಣ್ಣ ಬಳಿಯಬೇಡಿ, ಉಜ್ಜಿ ತೊಳೆಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರದ ನೆರಳು ಎದ್ದು ಕಾಣುತ್ತದೆ. ಆಗ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಜಾಗ ಬರೆದಿಟ್ಟುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಈ ಕೆಲಸವನ್ನು ನಿಮ್ಮ ಮಗಳಿಗೇ ಒಪ್ಪಿಸಿ ನೋಡಿ. ಊರಿನ ಚರಿತ್ರೆ ತನ್ನದೂ ಹೌದೆಂದು ಆಕೆಗೆ ಯಾರೂ ಪಾಠ ಹೇಳಬೇಕಾಗುವುದಿಲ್ಲ.