ಅಪ್ಪನ ಹಾಡು, ಮೆಜೆಸ್ಟಿಕ್ ಬಸ್ಸು

‘ಆಗದು ಎಂದು’ ಹಾಡು ಯಾರಿಗೆ ಗೊತ್ತಿಲ್ಲ ಹೇಳಿ? ನಮ್ಮ ಆಫೀಸಿನ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಹಾಡೇ ಹಾಡ್ತಾರೆ. ಟೀಮ್ ಲೀಡ್‌ಗಳಿಗಂತೂ ಅದು ರೆಡಿಮೇಡ್ ಮೋಟಿವೇಷನ್. ಡೆಡ್‌ಲೈನ್ ಹತ್ತಿರ ಬಂತು ಅಂದ್ರೆ ವಾಟ್ಸ್ಆಪ್ ಗ್ರೂಪಿಗೆ ಅದರ ಲಿಂಕ್ ಬಿತ್ತು ಅಂತಲೇ ಲೆಕ್ಕ. ಎಲ್ಲರಿಗೂ ಹುರುಪು ಕೊಡೋ ಈ ಹಾಡು ಕೇಳಿದ್ರೆ ನನಗೆ ಮಾತ್ರ ಗಂಟಲು ಕಟ್ಟುತ್ತೆ. 2014ರ ಜುಲೈಯಲ್ಲಿ ನಾನು ಊರು ಬಿಟ್ಟು ಬಂದ ಬಸ್ಸಿನಲ್ಲಿ ಇದೇ ಹಾಡು ಬರ್ತಾ ಇತ್ತು.

ನಮ್ಮೂರು ತಿಪಟೂರಿನ ಹತ್ತಿರ. ಅಲ್ಲಿ ಮನೆ ಅಂದ್ರೆ ಅಟ್ಟ ಇರಲೇಬೇಕು, ಅಟ್ಟದ ತುಂಬ ತೆಂಗಿನಕಾಯಿ ಇರಬೇಕು. ಉಂಡೆ ಕೊಬ್ಬರಿ ಆಗೋಕೆ ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದ್ರೆ ಗಡಗಡ ಅನ್ನುತ್ತೆ. ಅಪ್ಪ ಒಂದೊಂದನ್ನೇ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡ್ತಿದ್ದ. ಆ ಕೆಲಸ ಮಾಡುವಾಗ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಹಾಡ್ತಾ ಇರಬೇಕು. ಅದರಲ್ಲಿ ‘ಬಂಗಾರದ ಮನುಷ್ಯ’ದ ಕ್ಯಾಸೆಟ್. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತೋ ಕೆಲಸ ನಂದು.

ಆ ಸಿನಿಮಾ ಬಂದಿದ್ದು 1972ರಲ್ಲಿ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್ ಮಾಡಿದ ರಾಜೀವ, ಅಕ್ಕನ ಸಂಸಾರಕ್ಕೆ ಆಸರೆಯಾಗಿ ಹಳ್ಳಿಯಲ್ಲೇ ನಿಂತು, ಬರಡು ನೆಲವನ್ನ ಹದ ಮಾಡ್ತಾನೆ. ಹಾಡು ಬರೋದೇ ಅಲ್ಲಿ, ಬಂಡೆ ಒಡೆಯೋ ಜಾಗದಲ್ಲಿ. ವಿಶ್ವೇಶ್ವರಯ್ಯನವರ ಹೆಸರೂ ಕನ್ನಂಬಾಡಿ ಕಟ್ಟೆಯೂ ಅದರಲ್ಲಿ ಬರುತ್ತೆ. ಅಪ್ಪ ಇದನ್ನ ನೋಡಿದ್ದು ಹುಡುಗನಾಗಿದ್ದಾಗ, ಟೆಂಟಿನಲ್ಲಿ ನೆಲದ ಮೇಲೆ ಕೂತು. ಈ ಸಿನಿಮಾ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ವಾಪಸ್ ಬಂದವರಿದ್ದಾರೆ ಅಂತ ಈಗಲೂ ಹೇಳ್ತಾರಲ್ಲ, ಅಪ್ಪನದು ಇನ್ನೊಂಥರ ಕತೆ. ಅವನು ಊರು ಬಿಡಲೇ ಇಲ್ಲ.

ಬಿಟ್ಟಿದ್ದು ನಾನು.

ನಮ್ಮ ಕಡೆ ಹೆಣ್ಣುಮಕ್ಕಳು ಮನೆ ಬಿಡೋದಕ್ಕೆ ಒಂದು ಗೊತ್ತಾದ ವಿಧಾನ ಇದೆ. ಮಡಿಲು ತುಂಬ್ತಾರೆ, ಅಳ್ತಾರೆ, ಬಾಗಿಲವರೆಗೆ ಇಡೀ ಊರೇ ಬರುತ್ತೆ. ಕೆಲಸಕ್ಕೆ ಅಂತ ಹೋಗೋ ಮಗಳನ್ನ ಹೇಗೆ ಕಳಿಸಬೇಕು ಅನ್ನೋದು ನಮ್ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಅಳೋದಾ, ಖುಷಿಪಡೋದಾ? ಅಮ್ಮ ತನಗೆ ತಿಳಿದಿದ್ದನ್ನ ಮಾಡಿದ್ಲು. ರಾಗಿಹಿಟ್ಟು, ಚಟ್ನಿಪುಡಿ, ಕೋಡುಬಳೆ, ಜೊತೆಗೆ ಹತ್ತು ಕೊಬ್ಬರಿ. ಪಿಜಿಯಲ್ಲಿ ಒಲೆನೇ ಇರಲ್ಲ ಅಂದ್ರೂ ಕೇಳಲಿಲ್ಲ. ಅಪ್ಪ ಟಿವಿಎಸ್‌ನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಸೀಟು ಹಿಡಿದುಕೊಟ್ಟು ಕೆಳಗಿಳಿದವನು ಕಿಟಕಿ ಹತ್ರ ಬಂದು, “ಚಿಲ್ಲರೆ ಇದೆಯೇನಮ್ಮ?” ಅಂದ. ಅಷ್ಟೇ ಮಾತು.

ಬಸ್ಸು ಹೊರಟ ಮೇಲೆ ಡ್ರೈವರ್ ಪೆನ್‌ಡ್ರೈವ್ ಹಾಕಿದ. ಮೂರ್ನಾಲ್ಕು ಹಾಡಾದ ಮೇಲೆ ಇದು ಬಂತು. ಊರಲ್ಲೇ ನಿಂತು ನೆಲ ಅಗೆಯೋ ಮನುಷ್ಯನ ಹಾಡು ಕೇಳ್ತಾ ನಾನು ಊರು ಬಿಟ್ಟು ಹೋಗ್ತಿದ್ದೆ! ಪಕ್ಕದ ಸೀಟಿನ ಅಜ್ಜಿ ನನ್ನ ಮುಖ ನೋಡಿ ವೀಳ್ಯದೆಲೆ ಕೊಡೋಕೆ ಬಂದರು.

ಆ ಬಸ್ಸು ನನ್ನನ್ನ ಇಳಿಸಿದ್ದು ಮೆಜೆಸ್ಟಿಕ್ಕಿನಲ್ಲಿ. ಅಲ್ಲೇ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ‘ಬಂಗಾರದ ಮನುಷ್ಯ’ 104 ವಾರ ಓಡಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಸ್ಟೇಟ್ಸ್ ಮುಂದೆ ಭೂಮಿಕಾ ಆಯ್ತು. ಹಳ್ಳಿಗೆ ಬಾ ಅನ್ನೋ ಸಿನಿಮಾನ ಎರಡು ವರ್ಷ ಓಡಿಸಿದ್ದು ಬೆಂಗಳೂರು! ನನಗೆ ಇದರಲ್ಲಿ ಸ್ವಲ್ಪ ಸಮಾಧಾನವೂ ಇದೆ. ಟಿಕೆಟ್ ತಗೊಂಡು ಒಳಗೆ ಕೂತವರಲ್ಲಿ ಎಷ್ಟು ಜನ ನನ್ನ ಹಾಗೆ ಬ್ಯಾಗು ಹಿಡಿದು ಬಂದವರಿದ್ದರೋ!

ಹಾಡಿದ ಪಿ.ಬಿ. ಶ್ರೀನಿವಾಸ್ ಕೂಡ ಊರು ಬಿಟ್ಟವರೇ. ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, ಬದುಕಿದ್ದು ಮದ್ರಾಸಿನಲ್ಲಿ. ಮಾತೃಭಾಷೆ ತೆಲುಗು. ಆದರೆ ಅಪ್ಪನಿಗೆ ಆ ದನಿ ನಮ್ಮ ತೋಟದ್ದೇ.

ಹಾಡು ಎಲ್ಲರಿಗೂ ನೆನಪಿರುತ್ತೆ, ಸಿನಿಮಾದ ಕೊನೆಯನ್ನ ಮಾತ್ರ ಯಾರೂ ಮಾತಾಡಲ್ಲ. ಬಂಡೆ ಒಡೆದು ತೋಟ ಮಾಡಿದ ರಾಜೀವ ಕೊನೆಗೆ ಆ ಮನೆಯಲ್ಲಿ ಉಳಿಯಲ್ಲ. ಸಾಕಿ ಬೆಳೆಸಿದ ಅಕ್ಕನ ಮಗನೇ ಚುಚ್ಚಿ ಮಾತಾಡಿದಾಗ, ಊಟ ಬಿಟ್ಟು ಎದ್ದು, ಬರಿಗೈಲಿ ನಡೆದು ಹೋಗ್ತಾನೆ. ಚಿಕ್ಕವಳಿದ್ದಾಗ ಟಿವಿಯಲ್ಲಿ ಆ ಭಾಗ ಬಂದ ಕೂಡಲೇ ಅಪ್ಪ ದನಕ್ಕೆ ನೀರಿಡೋ ನೆಪದಲ್ಲಿ ಹೊರಗೆ ಹೋಗ್ಬಿಡ್ತಿದ್ದ. ದನ ಆಗಲೇ ನೀರು ಕುಡಿದಿರ್ತಿತ್ತು.

ಈಗ ಅಪ್ಪನಿಗೆ ಅರವತ್ನಾಲ್ಕು. ಕಾಯಿ ಕೀಳೋರು ಸಿಗಲ್ಲ, ಎರಡು ಬೋರ್‌ವೆಲ್ ಬತ್ತಿವೆ, ಅಟ್ಟ ಹತ್ತೋಕೆ ಮಂಡಿ ಬಿಡಲ್ಲ. ಹೋದ ತಿಂಗಳು ಫೋನಿನಲ್ಲಿ ಅಡಿಕೆ ರೇಟು, ಮಳೆ ಎಲ್ಲ ಮಾತಾಡಿ ಮುಗಿಸಿ, ಇನ್ನೇನು ಇಡ್ತಾನೆ ಅನ್ನುವಾಗ, “ಕೆಳಗಿನ ತೋಟ ಕೇಳ್ತಾವ್ರೆ ಕಣಮ್ಮ. ಕೊಟ್ಬಿಡಾನ ಅಂತೀಯಾ?” ಅಂದ. ಕೇಳಿದ ರೀತಿ ಹೇಗಿತ್ತು ಅಂದ್ರೆ, ಚಿಲ್ಲರೆ ಇದೆಯಾ ಅಂತ ಕೇಳಿದ ಹಾಗೇ.

ಬೇಡ ಅನ್ನೋಕೆ ನನಗೆ ಯಾವ ಹಕ್ಕಿದೆ? ಬೇಡ ಅಂದ್ರೆ ನೋಡ್ಕೊಳ್ಳೋರು ಯಾರು? ಕೊಡು ಅನ್ನೋಕೂ ಬಾಯಿ ಬರಲಿಲ್ಲ. ವರ್ಕ್ ಫ್ರಮ್ ಹೋಮ್ ಕೇಳಿ ವಾರಕ್ಕೆ ಮೂರು ದಿನ ಊರಲ್ಲಿದ್ದರೆ ಹೇಗೆ ಅಂತ ಲೆಕ್ಕ ಹಾಕಿದೆ. ಮ್ಯಾನೇಜರ್ ಎರಡು ದಿನಕ್ಕೆ ಒಪ್ಪಿದ್ದಾರೆ. ತಂಗಿ ಮೈಸೂರಿಂದ ಬರ್ತೀನಿ, ಮೂವರೂ ಕೂತು ಮಾತಾಡೋಣ ಅಂದಿದ್ದಾಳೆ.

ಮುಂದಿನ ಭಾನುವಾರ ಊರಿಗೆ ಹೋಗ್ತಿದ್ದೀನಿ. ಕೊಳ್ಳೋರೂ ಅವತ್ತೇ ಬರ್ತಾರಂತೆ. ಪಹಣಿಯನ್ನ ಅಪ್ಪ ಆಗಲೇ ತೆಗೆಸಿಟ್ಟಿದ್ದಾನೆ, ಅಟ್ಟದ ಕಾಯಿ ಮಾತ್ರ ಇನ್ನೂ ಸುಲಿಸಿಲ್ಲವಂತೆ.